ಚಿನ್ನದ ತಟ್ಟೆಯ ಕನ್ನಡ: ಅನ್ಯಲೋಕದ ಜೀವಶೋಧ ಮತ್ತು ದೂರದ ಲೆಕ್ಕ

1977ರ ಆಗಸ್ಟ್ 20ರಂದು ವಾಯೇಜರ್-2, ಸೆಪ್ಟೆಂಬರ್ 5ರಂದು ವಾಯೇಜರ್-1 ಅಮೆರಿಕದ ಫ್ಲಾರಿಡಾ ತೀರದಿಂದ ಮೇಲೇರಿದವು. ಗುರು, ಶನಿ ಗ್ರಹಗಳನ್ನು ಹತ್ತಿರದಿಂದ ನೋಡುವುದು ಅವುಗಳ ಮುಖ್ಯ ಕೆಲಸವಾಗಿತ್ತು. ಎರಡರ ಮೈಗೂ ಚಿನ್ನದ ಲೇಪವಿರುವ ತಾಮ್ರದ ಒಂದೊಂದು ಧ್ವನಿಮುದ್ರಿಕೆಯನ್ನು ಬಿಗಿದಿದ್ದರು. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡವೂ ಅವುಗಳಲ್ಲಿ ಒಂದು. ಅನ್ಯಲೋಕದ ಜೀವಶೋಧ ಎಂದರೆ ಬೇರೆ ದೇಶದ ದೊಡ್ಡ ವೀಕ್ಷಣಾಲಯಗಳ ಕಥೆ ಎಂದೇ ನಮ್ಮಲ್ಲಿ ಬರೆಯುತ್ತ ಬಂದಿದ್ದೇವೆ. ಕನ್ನಡನಾಡಿನ ಕಡೆಯಿಂದ ಅದೇ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಈ ಶೋಧಕ್ಕೆ ಯಾವ ಉಪಕರಣ ಬೇಕೆಂಬುದನ್ನು ಮನುಷ್ಯನ ಬಯಕೆಗಿಂತ ದೂರವೇ ನಿರ್ಧರಿಸಿದೆ.

ಮುದ್ರಿಕೆಯಲ್ಲಿ ಏನಿರಬೇಕೆಂದು ಆರಿಸಿದ ಸಮಿತಿಗೆ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅಧ್ಯಕ್ಷರು. ಶುಭಾಶಯಗಳನ್ನು ಕೂಡಿಸುವ ಹೊಣೆ ಲಿಂಡಾ ಸಾಲ್ಜ್‌ಮನ್ ಸೇಗನ್ ಅವರದು. ಕಾರ್ನೆಲ್ ವಿಶ್ವವಿದ್ಯಾಲಯದ ಭಾಷಾ ವಿಭಾಗಗಳಿಂದ, ಸುತ್ತಲಿನ ಪರಿಚಿತರಿಂದ ಮಾತುಗಾರರನ್ನು ಕರೆತಂದರು. ಏನು ಹೇಳಬೇಕೆಂದು ಯಾರಿಗೂ ಬರೆದುಕೊಡಲಿಲ್ಲ. ಇದು ಇರಬಹುದಾದ ಅನ್ಯಲೋಕದವರಿಗೆ ಶುಭಾಶಯ, ಚಿಕ್ಕದಾಗಿರಲಿ ಎಂದಷ್ಟೇ ಸೂಚನೆ. ಕನ್ನಡದ ದನಿ ಶ್ರೀನಿವಾಸ ಕೆ. ಉಪಾಧ್ಯಾಯರದು. ನಮಸ್ತೆ ಎಂದು, ಕನ್ನಡಿಗರ ಪರವಾಗಿ ಶುಭ ಕೋರಿ ಅವರು ಮುಗಿಸಿಬಿಟ್ಟರು. ದ್ರಾವಿಡ ಭಾಷೆಗಳ ಪೈಕಿ ಕನ್ನಡ, ತೆಲುಗು ಸೇರಿದವು. ತಮಿಳು, ಮಲಯಾಳಂ ಸೇರಲಿಲ್ಲ. ಇದನ್ನು ಹೆಮ್ಮೆಯ ಪಟ್ಟಿಗೆ ಹಾಕಿಕೊಳ್ಳಲು ನನಗೆ ಮನಸ್ಸಿಲ್ಲ. ಹೆಚ್ಚು ಜನ ಆಡುವ ಭಾಷೆಗಳೆಲ್ಲ ಇರಲಿ ಎಂಬ ಗುರಿಯೇನೋ ಸಮಿತಿಗಿತ್ತು, ಆದರೆ ಅವಸರದ ಆ ದಿನಗಳಲ್ಲಿ ಯಾರು ಕೈಗೆ ಸಿಕ್ಕರು ಎಂಬುದೂ ಪಟ್ಟಿಯನ್ನು ರೂಪಿಸಿತು.

ಕರ್ನಾಟಕ-ಮಹಾರಾಷ್ಟ್ರ ಗಡಿಭಾಗದ ಓದುಗರು ಗಮನಿಸಬೇಕಾದ ವ್ಯತ್ಯಾಸವೊಂದು ಇಲ್ಲಿದೆ. ಅದೇ ಮುದ್ರಿಕೆಯ ಮರಾಠಿ ಶುಭಾಶಯ ಈ ಭೂಮಿಯ ಜನರೆಲ್ಲರ ಪರವಾಗಿ ಮಾತಾಡುತ್ತದೆ. ಕನ್ನಡದ್ದು ಕನ್ನಡಿಗರ ಪರವಾಗಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಆಗಿನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಒಂದೇ ಸಾಲಿನಿಂದ ಒಬ್ಬರ ಮನಸ್ಸನ್ನು ಅಳೆಯಲಾಗದು, ನಿಜ. ಆದರೂ ನಕ್ಷತ್ರಗಳ ಕಡೆಗೆ ಮುಖಮಾಡಿದಾಗಲೂ ಮಾತುಗಾರ ತನ್ನವರ ಹೆಸರು ಹೇಳಿದ ಎಂಬುದು ಆ ಕಾಲದ ದಾಖಲೆಯಾಗಿ ಬೆಲೆಯುಳ್ಳದ್ದು. ಈ ಮುದ್ರಿಕೆ ಅನ್ಯಲೋಕದವರ ಬಗ್ಗೆ ಏನನ್ನೂ ಹೇಳುವುದಿಲ್ಲ. 1977ರ ನಮ್ಮ ಬಗ್ಗೆ ಬಹಳ ಹೇಳುತ್ತದೆ.

ಮುದ್ರಿಕೆಯ ಸಂಗೀತದ ಭಾಗ ಈ ಗಡಿಸೀಮೆಗೆ ಇನ್ನೂ ಹತ್ತಿರದ್ದು. ಭಾರತದಿಂದ ಆಯ್ಕೆಯಾದ ಒಂದೇ ಹಾಡು ಕೇಸರಬಾಯಿ ಕೇರಕರ್ ಭೈರವಿಯಲ್ಲಿ ಹಾಡಿದ ‘ಜಾತ ಕಹಾಂ ಹೋ’. ಅವಧಿ ಮೂರೂವರೆ ನಿಮಿಷ. ಸಂಗೀತಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಅದನ್ನೇ ಹಾಕಬೇಕೆಂದು ಸೂಚಿಸಿದರು. ಆದರೆ ತಟ್ಟೆ ಎಲ್ಲೂ ಸಿಗಲೊಲ್ಲದು. ಹುಡುಕಿ ಹುಡುಕಿ ಕೊನೆಗೆ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ರಸ್ತೆಯಲ್ಲಿ ಭಾರತೀಯ ಕುಟುಂಬವೊಂದು ನಡೆಸುತ್ತಿದ್ದ ಮನೆಬಳಕೆಯ ಸಾಮಾನಿನ ಅಂಗಡಿಯಲ್ಲಿ, ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ಅದರ ಪ್ರತಿಗಳು ಸಿಕ್ಕವು. ಕೇಸರಬಾಯಿ ಗೋವೆಯ ಕೇರಿ ಊರಿನವರು. ಎಳವೆಯಲ್ಲಿ ಕೊಲ್ಲಾಪುರದಲ್ಲಿ ಅಬ್ದುಲ್ ಕರೀಂ ಖಾನರ ಬಳಿ ಎಂಟು ತಿಂಗಳು ಕಲಿತರು. ಮುಂದೆ, ಕೊಲ್ಲಾಪುರ ಆಸ್ಥಾನದ ಗಾಯಕರಾಗಿದ್ದ ಅಲ್ಲಾದಿಯಾ ಖಾನರ ಶಿಷ್ಯೆಯಾಗಿ ಹೆಸರು ಮಾಡಿದರು. ಕರೀಂ ಖಾನರು ನೆಲೆನಿಂತ ಮಿರಜ ಬೆಳಗಾವಿ ಜಿಲ್ಲೆಯ ಕಾಗವಾಡದ ಮಗ್ಗುಲಿಗೇ ಇದೆ. ಕೊಲ್ಲಾಪುರ ನಿಪ್ಪಾಣಿಯ ನೆರೆ. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನರಿಂದಲೇ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಗೆ ಜೈಪುರ-ಅತ್ರೌಲಿ ಗಾಯಕಿ ದಕ್ಕಿತು. ಅದೇ ಜಿಲ್ಲೆಯ ತೆಲಸಂಗ, ಅಥಣಿ, ಚಿಕ್ಕೋಡಿಯ ಜನ ಕಿವಿತುಂಬ ಕೇಳಿಕೊಂಡು ಬಂದ ಸಂಗೀತದ ಒಂದು ಎಳೆ ಆ ತಟ್ಟೆಯಲ್ಲಿ ಸೌರಮಾರುತದ ಸೀಮೆ ದಾಟಿದೆ. ಕೇಸರಬಾಯಿ ತೀರಿಕೊಂಡದ್ದು 1977ರ ಸೆಪ್ಟೆಂಬರ್ 16ರಂದು, ವಾಯೇಜರ್-1 ಹೊರಟ ಹನ್ನೊಂದನೆಯ ದಿನ.

ಇನ್ನು ದೂರದ ಲೆಕ್ಕ. ವಾಯೇಜರ್-1ರ ವೇಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಸೂರ್ಯನಿಂದ ಭೂಮಿಗಿರುವ ಅಂತರವನ್ನು ಒಂದು ಮೀಟರ್ ಎಂದು ಹಿಡಿದು ತೆಲಸಂಗದಿಂದ ಅಳೆಯಲು ಶುರುಮಾಡಿದರೆ ಪ್ರಾಕ್ಸಿಮಾ ಸುಮಾರು 268 ಕಿಲೋಮೀಟರ್ ಆಚೆ, ಹಕ್ಕಿ ಹಾರುವ ದಾರಿಯಲ್ಲಿ ಪುಣೆಯ ಆಸುಪಾಸಿಗೆ ಬರುತ್ತದೆ. ಸುಮಾರು ಅರ್ಧ ಶತಮಾನ ಓಡಿದ ವಾಯೇಜರ್-1 ಇದೇ ಅಳತೆಯಲ್ಲಿ 170 ಮೀಟರಿನಷ್ಟು ಸಾಗಿದೆ, ಊರಿನ ಸೀಮೆಯನ್ನೂ ದಾಟಿಲ್ಲ. ಅದೇ ವೇಗದಲ್ಲಿ ಪ್ರಾಕ್ಸಿಮಾದಷ್ಟು ದೂರ ಹೋಗಲು 75 ಸಾವಿರ ವರ್ಷ ಹಿಡಿಯುತ್ತದೆ. ಅಷ್ಟಕ್ಕೂ ಅದು ಹೊರಟಿರುವುದು ಬೇರೆಯೇ ದಿಕ್ಕಿಗೆ: ಸುಮಾರು 40 ಸಾವಿರ ವರ್ಷಗಳ ನಂತರ ಗ್ಲೀಸ್ 445 ಎಂಬ ನಕ್ಷತ್ರದಿಂದ ಒಂದೂವರೆ ಜ್ಯೋತಿರ್ವರ್ಷಕ್ಕೂ ಹೆಚ್ಚು ದೂರದಲ್ಲಿ ಹಾದುಹೋಗಲಿದೆ.

ವೇಗ ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ತೊಡಕಿರುವುದೇ ಅಲ್ಲಿ. ಒಂದೇ ಒಂದು ಕಿಲೋ ತೂಕವನ್ನು ಬೆಳಕಿನ ವೇಗದ ಹತ್ತನೇ ಒಂದು ಪಾಲಿಗೆ ತರಲು ಬೇಕಾದ ಚಲನಶಕ್ತಿ ಹನ್ನೆರಡೂವರೆ ಕೋಟಿ ಯುನಿಟ್ ವಿದ್ಯುತ್ತಿಗೆ ಸಮ. ರಾಕೆಟ್ ತನ್ನ ಇಂಧನವನ್ನೂ ಹೊತ್ತೊಯ್ಯಬೇಕು, ಆ ಇಂಧನದ ಭಾರವನ್ನು ನೂಕಲು ಮತ್ತಷ್ಟು ಇಂಧನ ಬೇಕು. ರಷ್ಯದ ತ್ಸಿಯೋಲ್ಕೋವ್‌ಸ್ಕಿ 1903ರಲ್ಲೇ ಈ ಲೆಕ್ಕವನ್ನು ಪ್ರಕಟಿಸಿದ್ದ. ಮುಟ್ಟಿದ ಮೇಲೆ ನಿಲ್ಲಬೇಕೆಂದರೆ ವೇಗ ಇಳಿಸಲೂ ಅಷ್ಟೇ ಶ್ರಮ. ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿ 1973ರಿಂದ 1978ರವರೆಗೆ ಕೂತು ಡೀಡಲಸ್ ಎಂಬ ನೌಕೆಯ ವಿನ್ಯಾಸ ಮಾಡಿತು. ಬರ್ನಾರ್ಡನ ನಕ್ಷತ್ರಕ್ಕೆ ಸುಮಾರು 50 ವರ್ಷದ ಪಯಣ, 50 ಸಾವಿರ ಟನ್ ಇಂಧನ, ನಿಲ್ಲುವ ಮಾತೇ ಇಲ್ಲ. 2016ರ ಸ್ಟಾರ್‌ಶಾಟ್ ಯೋಜನೆ ಉಲ್ಟಾ ದಾರಿ ಹಿಡಿದು, ಗ್ರಾಂ ತೂಕದ ಹಾಯಿಯನ್ನು ಲೇಸರ್ ಬೆಳಕಿನಿಂದ ನೂಕೋಣ ಎಂದಿತು. ಮನುಷ್ಯ ಹೋಗುವ ಪ್ರಶ್ನೆ ಅಲ್ಲಿಗೆ ಬಿದ್ದುಹೋಯಿತು.

ಹೋಗಲಾಗದ ಕಡೆಯಿಂದ ಏನಾದರೂ ಬರಬೇಕೆಂದರೆ ಅದು ಬೆಳಕಿನ, ರೇಡಿಯೊ ಅಲೆಯ ರೂಪದಲ್ಲೇ ಬರಬೇಕು. 1959ರಲ್ಲಿ ಭೌತವಿಜ್ಞಾನಿಗಳಾದ ಕೊಕ್ಕೋನಿ ಮತ್ತು ಮಾರಿಸನ್ ಜಲಜನಕದ 1420 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ ಕಿವಿಗೊಡಿ ಎಂದರು. 1960ರಲ್ಲಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕ್ ಎಂಬಲ್ಲಿ ಎರಡು ನಕ್ಷತ್ರಗಳತ್ತ ರೇಡಿಯೊ ದೂರದರ್ಶಕ ತಿರುಗಿಸಿದರು. ಕರ್ನಾಟಕದಲ್ಲಿ ಗೌರಿಬಿದನೂರಿನ ಬಳಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1976ರ ಹೊತ್ತಿಗೆ ಸಾವಿರ ಡೈಪೋಲ್ ಆಂಟೆನಾಗಳ ರೇಡಿಯೊ ದೂರದರ್ಶಕ ನಿಲ್ಲಿಸಿದವು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರ, ಪೂರ್ವ-ಪಶ್ಚಿಮ ತೋಳು 1.4 ಕಿಲೋಮೀಟರ್, ಕೆಲಸ 34.5 ಮೆಗಾಹರ್ಟ್ಸ್‌ನಲ್ಲಿ. ಅನ್ಯಜೀವಿಗಳಿಗಾಗಿ ಕಟ್ಟಿದ್ದಲ್ಲ, ಆಕಾಶದ ನಕ್ಷೆಗಾಗಿ ಕಟ್ಟಿದ್ದು. ಆದರೆ ಕಡಿಮೆ ಆವರ್ತಾಂಕದ ರೇಡಿಯೊ ವಿದ್ಯೆ ಬೆಂಗಳೂರಿನಲ್ಲಿ ಬೇರುಬಿಟ್ಟಿತು. ಆಸ್ಟ್ರೇಲಿಯದ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಎಂಬ ರೇಡಿಯೊ ದೂರದರ್ಶಕ ಕಟ್ಟುವಾಗ ಅದರ ಗ್ರಾಹಕ ವ್ಯವಸ್ಥೆಯಲ್ಲಿ ರಾಮನ್ ಸಂಸ್ಥೆಯ ಪಾಲಿತ್ತು. ಅದೇ ದೂರದರ್ಶಕದಿಂದ ಖಗೋಳ ವಿಜ್ಞಾನಿಗಳಾದ ಟ್ರೆಂಬ್ಲೇ ಮತ್ತು ಟಿಂಗೆ ವೇಲಾ ನಕ್ಷತ್ರಪುಂಜದ ದಿಕ್ಕಿನ ಒಂದು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು 17 ತಾಸು ಆಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ಸಂಕೇತವೂ ಸಿಗಲಿಲ್ಲ.

ಸುಳಿವು ಸಿಕ್ಕರೂ ತೀರ್ಪು ಸುಲಭವಲ್ಲ ಎಂಬುದಕ್ಕೆ ನಮ್ಮದೇ ಪ್ರಯೋಗ ಸಾಕ್ಷಿ. ಇಸ್ರೋ ಆಶ್ರಯದಲ್ಲಿ, ಖಭೌತ ವಿಜ್ಞಾನಿ ಜಯಂತ ನಾರ್ಳೀಕರ್ ಮುಂದಾಳತ್ವದಲ್ಲಿ 2001 ಮತ್ತು 2005ರಲ್ಲಿ ಹೈದರಾಬಾದಿನಿಂದ ಬಲೂನ್ ಹಾರಿಸಿ 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದರು. ಅದರಲ್ಲಿ ಹೊಸ ಬ್ಯಾಕ್ಟೀರಿಯಾ ಪ್ರಭೇದಗಳು ಮೂರು ಸಿಕ್ಕವು. ಒಂದಕ್ಕೆ ಇಸ್ರೋ ಹೆಸರು, ಒಂದಕ್ಕೆ ಆರ್ಯಭಟನ ಹೆಸರು, ಮತ್ತೊಂದಕ್ಕೆ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಹೆಸರು. ಅವು ಆಕಾಶದಿಂದ ಇಳಿದವೋ ನೆಲದಿಂದ ಏರಿದವೋ ಎಂಬುದು ಇದರಿಂದ ಇತ್ಯರ್ಥವಾಗದು ಎಂದು ಇಸ್ರೋ 2009ರಲ್ಲಿ ಪ್ರಾಮಾಣಿಕವಾಗಿ ಹೇಳಿತು. ಆ ಮಾತನ್ನು ನಾನು ಆ ಪ್ರಯೋಗದ ಗೆಲುವೆಂದೇ ಎಣಿಸುತ್ತೇನೆ.

ಹಾಗಾದರೆ ದೂರದಿಂದ ನೋಡಿದಾಗ ಜೀವ ಹೇಗೆ ಕಾಣುತ್ತದೆ? ಇದಕ್ಕೆ ಇರುವ ಮಾದರಿ ಒಂದೇ, ಭೂಮಿ. 1990ರ ಡಿಸೆಂಬರ್ 8ರಂದು ಗೆಲಿಲಿಯೋ ನೌಕೆ ಭೂಮಿಯ ಬದಿಯಲ್ಲಿ ಹಾದಾಗ ಸೇಗನ್ ಬಳಗ ಇದನ್ನೇ ಪರೀಕ್ಷಿಸಿತು. ಆಮ್ಲಜನಕ, ಅದರ ಜತೆಯಲ್ಲೇ ಮೀಥೇನ್, ಹಸಿರೆಲೆಯ ಬೆಳಕಿನ ಗುರುತು, ಕೃತಕ ರೇಡಿಯೊ ಅಲೆ ಇವೆಲ್ಲ ಒಟ್ಟಿಗೆ ಕಂಡವು. ಬಿಡಿಯಾಗಿ ಯಾವುದೂ ಸಾಲದು. 2025ರಲ್ಲಿ ಖಗೋಳ ವಿಜ್ಞಾನಿ ನಿಕ್ಕು ಮಧುಸೂದನ್ ಬಳಗ 124 ಜ್ಯೋತಿರ್ವರ್ಷ ಆಚೆಯ ಕೆ2-18ಬಿ ಗ್ರಹದಲ್ಲಿ ಜೀವಮೂಲದ್ದಿರಬಹುದಾದ ಅಣುವಿನ ಸುಳಿವು ಸಿಕ್ಕಿತೆಂದಾಗ ಎದ್ದ ವಾದವಿವಾದದ ತಿರುಳೂ ಇದೇ.

ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ‘ಶೇಪ್’ ಉಪಕರಣ ಭೂಮಿಯನ್ನೇ ಮಾದರಿಯಾಗಿ ನೋಡುವ ಈ ಸಾಲಿಗೆ ಸೇರಿದ್ದು. 2023ರ ಜುಲೈ 14ರಂದು ಹಾರಿದ ಚಂದ್ರಯಾನ-3ರಲ್ಲಿ ಎಲ್ಲರ ಕಣ್ಣು ಚಂದ್ರನ ಮೇಲಿಳಿಯುವ ವಿಕ್ರಮ್ ಮೇಲಿತ್ತು. ಶೇಪ್ ಇದ್ದದ್ದು ಚಂದ್ರನ ಸುತ್ತ ಉಳಿದ ನೂಕು ಘಟಕದಲ್ಲಿ. ಅದು ಭೂಮಿಯತ್ತ ತಿರುಗಿ, ಅವಕೆಂಪಿನ 1ರಿಂದ 1.7 ಮೈಕ್ರೊಮೀಟರ್ ನಡುವಿನ ಬೆಳಕಿನ ರೋಹಿತವನ್ನೂ ಧ್ರುವೀಕರಣವನ್ನೂ ಅಳೆಯಿತು. ಖಂಡ, ಸಾಗರಗಳ ಚಿತ್ರ ಅದಕ್ಕೆ ಬೇಡ. ಇಡೀ ಭೂಮಿ ಪರನಕ್ಷತ್ರದ ಗ್ರಹದಂತೆ ಒಂದೇ ಬೆಳಕಿನ ಚುಕ್ಕಿಯಾದರೆ ಆ ಬೆಳಕಿನಲ್ಲಿ ನೀರಾವಿ, ಮೋಡ, ಅನಿಲಗಳ ಗುರುತು ಎಷ್ಟು ಉಳಿಯುತ್ತದೆ ಎಂಬುದೇ ಪ್ರಶ್ನೆ. ಭೂಮಿ ಕಣ್ಣೆದುರು ಬಂದಾಗಲೆಲ್ಲ ಶೇಪ್ ಅನ್ನು ನಡೆಸಿದರು. 2023ರ ಅಕ್ಟೋಬರ್ 28ರ ಚಂದ್ರಗ್ರಹಣದ ಹೊತ್ತಿಗೆ ವಿಶೇಷವಾಗಿಯೂ ನಡೆಸಿದರು. ಮುಂದೆ ಯಾವುದೇ ಗ್ರಹದ ರೋಹಿತದಲ್ಲಿ ಜೀವದ ಗುರುತಿದೆ ಎಂದು ಯಾರೇ ಹೇಳಲಿ, ಪಕ್ಕದಲ್ಲಿಟ್ಟು ಹೋಲಿಸಬೇಕಾದ ಅಳತೆಗಳು ಇಂಥವೇ.