ಒಣಗಿದ್ದೆಲ್ಲ ಕಳಿತದ್ದಲ್ಲ

ಕೊಳಚೆ ನೀರು ಶುದ್ಧೀಕರಣ ಘಟಕದ ಕೆಸರು ಒಣಗಿ ಹೆಂಟೆಯಾಗಿ ವಾಸನೆ ಹೋದರೆ ಸಾಕು, ಅದು ಕಳಿತ ಗೊಬ್ಬರ ಎಂಬ ಮಾತು ಈಗ ಸಲೀಸಾಗಿ ಓಡಾಡುತ್ತಿದೆ. ಪರೀಕ್ಷೆಗಳ ಚರಿತ್ರೆಯೇ ಇದಕ್ಕೆ ಒಂದಿಷ್ಟು ಕಾರಣ. ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ ಐದು ದಿನದ ಬಿಓಡಿಯನ್ನು, ಅಂದರೆ ನೀರಿನ ಕೊಳೆ ಕರಗಲು ಹಿಡಿಯುವ ಆಮ್ಲಜನಕದ ಅಳತೆಯನ್ನು, ನೆಲೆಗೊಳಿಸಿದ್ದು ನದಿಗೆ ಬಿಡುವ ನೀರಿಗಾಗಿ, ಕೆಸರಿಗಲ್ಲ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಕೊಳಚೆಗೆ ಗಾಳಿಯೂಡಿ ಶುದ್ಧಗೊಳಿಸುವ ಸಕ್ರಿಯ ಕೆಸರಿನ ವಿಧಾನ ಪ್ರಕಟಿಸಿದರು. ಆ ಕೆಲಸಕ್ಕೆ ಪ್ರೇರಣೆಯಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಕೆಸರನ್ನು ಗೊಬ್ಬರವಾಗಿ ನೋಡುವ ಕಣ್ಣು ನಮ್ಮಲ್ಲಿ ಅಷ್ಟು ಹಳೆಯದು. ಅಳೆಯುವ ಕೈ ಮಾತ್ರ ಬಹುಕಾಲ ಕುಲುಮೆಯಲ್ಲಿ ಸುಟ್ಟು ಎಷ್ಟು ಹೋಯಿತು ಎಂದು ತೂಗುವುದರಲ್ಲೇ ತೃಪ್ತವಾಗಿತ್ತು.

ಇಂದು ಎಲ್ಲರೂ ಹೆಸರಿಸುವ ಅಳತೆಗೋಲು ಅಮೆರಿಕದ 1993ರ ‘ಭಾಗ 503’ ನಿಯಮ. ಉರಿದುಹೋಗಬಲ್ಲ ಘನಾಂಶ ಶೇ 38ರಷ್ಟು ಇಳಿದಿರಬೇಕು ಎನ್ನುತ್ತದೆ ಅದು. ಗಾಳಿಯಿಲ್ಲದ ಡೈಜೆಸ್ಟರಿನ ಕೆಸರು ಅಷ್ಟು ಇಳಿಯದಿದ್ದರೆ, ಪ್ರಯೋಗಾಲಯದಲ್ಲಿ ಇನ್ನೂ 40 ದಿನ 30ರಿಂದ 37 ಡಿಗ್ರಿಯಲ್ಲಿಟ್ಟು, ಮತ್ತಿನ ಇಳಿಕೆ ಶೇ 17ಕ್ಕಿಂತ ಕಡಿಮೆ ಎಂದು ತೋರಿಸಬೇಕು. ಇವು ಕೊಳೆಯುವಿಕೆಯನ್ನೇ ಅಳೆಯುತ್ತವೆ, ಒಪ್ಪೋಣ. ಆದರೆ ಅದೇ ಪಟ್ಟಿಯಲ್ಲಿ ಬೇರೆ ದಾರಿಗಳೂ ಇವೆ: ಸುಣ್ಣ ಬೆರೆಸಿ ಪಿಎಚ್ 12ಕ್ಕೆ ಏರಿಸಬಹುದು, ಇಲ್ಲವೇ ಸ್ಥಿರಗೊಂಡ ಕೆಸರಾದರೆ ಘನಾಂಶ ಶೇ 75, ಹಸಿ ಪ್ರಾಥಮಿಕ ಕೆಸರು ಸೇರಿದ್ದರೆ ಶೇ 90 ಆಗುವವರೆಗೆ ಒಣಗಿಸಬಹುದು. ಇವುಗಳಿಂದ ಸೂಕ್ಷ್ಮಜೀವಿಗಳ ಕೆಲಸ ನಿಲ್ಲುತ್ತದೆಯೇ ಹೊರತು ಮುಗಿಯುವುದಿಲ್ಲ. ಈ ಪಟ್ಟಿಯ ಗುರಿ ನೊಣ, ಇಲಿ ಮುತ್ತದಂತೆ ನೋಡಿಕೊಳ್ಳುವುದು. ಬರೆದವರು ಅದನ್ನು ಬಚ್ಚಿಟ್ಟಿಲ್ಲ. ಓದದೆ ಉಲ್ಲೇಖಿಸುವವರದೇ ತಪ್ಪು.

ಹೊಲದಲ್ಲಿ ಏನಾಗುತ್ತದೆ ಎಂದು ಬಿಡದೆ ಕೇಳಿದವರು ಮಣ್ಣು ವಿಜ್ಞಾನಿಗಳು. ಅವರದು ಮುಚ್ಚಳ ಬಿಗಿದ ಜಾಡಿ. ತಳದಲ್ಲಿ ಕೆಸರು ಬೆರೆಸಿದ ತೇವದ ಮಣ್ಣು, ಒಳಗೊಂದು ಪುಟ್ಟ ಬೀಕರಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್. ಮಣ್ಣು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಆ ಕ್ಷಾರ ಹೀರುತ್ತದೆ. ಆಗಾಗ ಬೀಕರ್ ತೆಗೆದು, ಬೇರಿಯಂ ಕ್ಲೋರೈಡ್ ಹಾಕಿ ಬಿಳಿ ಗಸಿ ಇಳಿಸಿ, ಫಿನಾಲ್ಫ್ಥಲೀನಿನ ಗುಲಾಬಿ ಬಣ್ಣ ಮಾಯವಾಗುವವರೆಗೆ ಆಮ್ಲ ಹನಿಸುತ್ತಾರೆ. ಆಮ್ಲ ಕಡಿಮೆ ಹಿಡಿದಷ್ಟೂ ಕೊಳೆತದ್ದು ಹೆಚ್ಚು. ಬರಿ ಮಣ್ಣಿನ ಜಾಡಿಯ ಲೆಕ್ಕ ಕಳೆದರೆ ಕೆಸರಿನ ಪಾಲು ಉಳಿಯುತ್ತದೆ. ವಾರಗಟ್ಟಲೆ ಹಿಡಿಯುವ ಈ ಕೆಲಸ ಘಟಕ ನಡೆಸುವವರಿಗೆ ರುಚಿಸುವುದಿಲ್ಲ. ಮಣ್ಣು ಊರಿಗೊಂದು ಬಗೆ, ಹೀಗಾಗಿ ಎರಡು ಘಟಕಗಳನ್ನು ಹೋಲಿಸಲು ಬಾರದು ಎಂಬ ಅವರ ಆಕ್ಷೇಪ ನಿಜವೇ. ಹೋಲಿಕೆಗೆ 503ರ ಸಂಖ್ಯೆಗಳೇ ಇರಲಿ, ಹೊಲದ ಭವಿಷ್ಯ ಹೇಳಲು ಅವನ್ನು ಎಳೆತರುವುದು ಬೇಡ. ಜಾಡಿಯವರದೂ ಒಂದು ಕೊರತೆಯಿದೆ: ತೇವ, ಉಷ್ಣತೆ ಎರಡನ್ನೂ ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿ ಹಿಡಿದಿಡುತ್ತಾರೆ. ಒಣಮಣ್ಣು ನೆನೆದೊಡನೆ ಕೊಳೆಯುವಿಕೆ ದಿಢೀರನೆ ಏರುವುದನ್ನು ಪೂರ್ವ ಆಫ್ರಿಕಾದ ಮಣ್ಣಿನಲ್ಲಿ ಮಣ್ಣು ವಿಜ್ಞಾನಿ ಬರ್ಚ್ 1958ರಲ್ಲೇ ತೋರಿಸಿದ್ದರು. ಬಯಲುಸೀಮೆಯಲ್ಲಿ ಬೇಸಿಗೆಗೆ ಹರಡಿದ ಕೆಸರು ನೆನೆಯುವುದು ಮುಂಗಾರಿನ ಮೊದಲ ಹದ ಮಳೆಗೆ. ಆಗ ಬಿಡುಗಡೆಯಾಗುವ ಸಾರಜನಕವನ್ನು ಹೀರಲು ಪೈರಿನ ಬೇರು ಇನ್ನೂ ಇಳಿದಿರುವುದಿಲ್ಲ. ಅದರಲ್ಲಿ ಎಷ್ಟು ಪಾಲು ನೈಟ್ರೇಟಾಗಿ ಕೊಳವೆಬಾವಿಯ ಕಡೆ ಇಳಿಯುತ್ತದೆ ಎಂಬುದನ್ನು, ಕೆಸರು ಬೆರೆತ ಕೆಂಪು ಮಣ್ಣನ್ನು ಒಣಗಿಸಿ, ನೆನೆಸಿ, ಮತ್ತೆ ಒಣಗಿಸಿ ನೋಡದ ಹೊರತು ಯಾವ 40 ದಿನದ ಬಾಟಲಿಯೂ ಹೇಳಲಾರದು.