ಗಬ್ಬ, ಬಸಿರು, ವಿಶೇಷ

ದನದ ಜಾತ್ರೆಯಲ್ಲಿ ಹಸು ಕೊಳ್ಳಲು ಬಂದವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಕೆಚ್ಚಲ ಮೇಲೆ ಕೈಯಾಡಿಸುತ್ತಾನೆ, ಆಮೇಲೆ ಕೇಳುತ್ತಾನೆ: "ಎಷ್ಟನೇ ಸೂಲು? ಎಷ್ಟು ತಿಂಗಳ ಗಬ್ಬ?" ಸುತ್ತ ನಿಂತವರು ಯಾರೂ ಮುಖ ತಿರುಗಿಸುವುದಿಲ್ಲ. ಅದೇ ಮನುಷ್ಯ ಸಂಜೆ ನೆಂಟರ ಮನೆಗೆ ಹೋದರೆ, ಮದುವೆಯಾಗಿ ವರ್ಷ ಕಳೆದ ಸೊಸೆಯ ವಿಚಾರ ಎತ್ತುವುದಕ್ಕೆ ದನಿ ತಗ್ಗಿಸಬೇಕು: "ಏನಾದ್ರೂ ವಿಶೇಷ ಇದೆಯಾ?" ಹಸು ಹೊರುವುದೂ ಹೆಂಗಸು ಹೊರುವುದೂ ಹೆಚ್ಚುಕಡಿಮೆ ಒಂದೇ ಲೆಕ್ಕ, ಸುಮಾರು 280 ದಿನ. ದಿನಗಳು ಒಂದೇ ಆದರೂ ಮಾತು ಮಾತ್ರ ಎರಡು. ಈ ಎರಡರ ನಡುವಿನ ಗೆರೆ ಪದಗಳ ಅರ್ಥದಲ್ಲಿ ಇಲ್ಲ, ಆಡುವವರ ಸಂಕೋಚದಲ್ಲಿದೆ ಎಂಬುದು ನನ್ನ ವಾದ. ಯಾವ ಮಾತು ತೀರಾ ಬಿಚ್ಚಿಟ್ಟಂತೆ ಕೇಳತೊಡಗುತ್ತದೋ ಅದು ಕೊಟ್ಟಿಗೆಗೆ ಹೋಗುತ್ತದೆ, ಮನೆಯೊಳಕ್ಕೆ ಹೊಸದೊಂದು ಮುಚ್ಚುಮಾತು ಬರುತ್ತದೆ.

‘ಗಬ್ಬ’ವನ್ನೇ ನೋಡಿ. ಅದು ‘ಗರ್ಭ’ದ ತದ್ಭವ, ಬೇರೆ ಪದವೇ ಅಲ್ಲ. ಒಂದೇ ಮಾತು ಸಂಸ್ಕೃತದ ರೂಪದಲ್ಲಿ ದೇವಾಲಯದ ಗರ್ಭಗುಡಿಯಾಯಿತು, ಆಸ್ಪತ್ರೆಯ ಗರ್ಭಿಣಿಯಾಯಿತು. ಬಾಯಲ್ಲಿ ಸವೆದ ರೂಪದಲ್ಲಿ ಎಮ್ಮೆಯ ಹೊಟ್ಟೆ ಸೇರಿತು. ಇದು ಕನ್ನಡದ್ದಷ್ಟೇ ಚಾಳಿಯಲ್ಲ. ಹಿಂದಿಯ ‘ಗಾಭಿನ್’, ಮರಾಠಿಯ ‘ಗಾಭಣ’ ಎರಡೂ ಗರ್ಭಿಣಿಯ ಸಂತಾನ, ಎರಡೂ ಸಲ್ಲುವುದು ದನಕರುಗಳಿಗೆ. ಸಂಸ್ಕೃತ ಮೇಲು, ಆಡುನುಡಿ ಕೀಳು, ಹಾಗಾಗಿ ಹೀಗಾಯಿತು ಎಂದು ಮುಗಿಸಿಬಿಡಬಹುದಿತ್ತು. ಆದರೆ ಆ ವಿವರಣೆಗೆ ‘ಬಸಿರು’ ಅಡ್ಡ ನಿಲ್ಲುತ್ತದೆ. ಬಸಿರು ಅಚ್ಚ ದ್ರಾವಿಡ ಮಾತು, ತಮಿಳಿನ ‘ವಯಿರು’ವಿನ ಒಡಹುಟ್ಟು, ಮೂಲದಲ್ಲಿ ಬರೀ ಹೊಟ್ಟೆ ಎಂದರ್ಥ. ಅದು ಹೆಂಗಸಿನ ಬಳಿಯೇ ಉಳಿಯಿತು. ಬಸುರಿ ಹಸು ಎಂದು ಯಾವ ರೈತನೂ ಹೇಳುವುದಿಲ್ಲ. ಅಂದರೆ ಸಂಸ್ಕೃತದಿಂದ ಬಂದ ಮಾತು ಕೊಟ್ಟಿಗೆಯಲ್ಲಿದೆ, ಕನ್ನಡದ್ದೇ ಆದ ಮಾತು ಮನೆಯಲ್ಲಿದೆ. ಪದದ ಕುಲ ಇಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲ.

ಪ್ರಾಣಿಗೊಂದು ಮನುಷ್ಯರಿಗೊಂದು ಮಾತು ಮೊದಲಿನಿಂದಲೇ ಇತ್ತಲ್ಲ, ಹೆಂಗಸು ಹೆರುತ್ತಾಳೆ, ಹಸು ಈಯುತ್ತದೆ ಎಂದು ಯಾರಾದರೂ ಕೇಳಬಹುದು. ‘ಈ’ ಕನ್ನಡದಲ್ಲಿ ದನಕ್ಕೆ ಮೀಸಲಾದದ್ದು ನಿಜ. ತಮಿಳಿನಲ್ಲಿ ಅದೇ ಧಾತು ಹೆತ್ತ ತಾಯಿಗೂ ಗೌರವದಿಂದಲೇ ಸಲ್ಲುತ್ತದೆ. ಮಗನ ಹೊಗಳಿಕೆ ಕೇಳಿದ ತಾಯಿಯ ಸಂತೋಷವನ್ನು ಹೇಳುವ ತಿರುಕ್ಕುರಳಿನ ಪದ್ಯದಲ್ಲಿರುವುದು ಆ ಕ್ರಿಯಾಪದವೇ. ‘ಸೂಲು’ ಇನ್ನೂ ಚೆನ್ನಾದ ಸಾಕ್ಷಿ. ಮೂರನೇ ಸೂಲಿನ ಎಮ್ಮೆ ಎನ್ನುತ್ತೇವೆ, ಮೂರನೇ ಸೂಲಿನ ಹೆಂಗಸು ಎಂದರೆ ಏಟು ತಿನ್ನಬೇಕಾದೀತು. ಆದರೂ ಮಗುವನ್ನು ಹೊರತೆಗೆಯುವವಳು ಸೂಲಗಿತ್ತಿ. 2018ರಲ್ಲಿ ಪಾವಗಡದ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ಆ ಮಾತು ಅವರ ಹೆಸರಿನ ಮುಂದೆ ಬಿರುದಿನಂತೆ ನಿಂತಿತು. ಹೆರಿಗೆಯ ಕೋಣೆಯಲ್ಲಿ ಸಂಕೋಚಕ್ಕೆ ಜಾಗವಿಲ್ಲ. ಬಿಚ್ಚುಮಾತು ಬೇಕಾದವಳ ಹೆಸರಿನಲ್ಲೇ ಅದು ಉಳಿದುಕೊಂಡಿದೆ. ‘ಕಂದು’ವಿನ ಕಥೆಯೂ ಇಂಥದೇ. ದಿನ ತುಂಬುವ ಮುಂಚೆ ಕರು ಬಿದ್ದರೆ ಹಸು ಕಂದು ಹಾಕಿತು ಎನ್ನುತ್ತಾರೆ. ತೊಟ್ಟಿಲಲ್ಲಿ ಮಲಗಿದ ಕಂದ, ಕಂದಮ್ಮ ಅದರ ಹತ್ತಿರದ ಬಳಗ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ರೈತನಿಗೆ ಗಬ್ಬ ಎಂದರೆ ದುಡ್ಡು: ಹಾಲು, ಕರು, ಸಾಲದ ಕಂತು. ಅವನಿಗೆ ಖಚಿತವಾದ ಮಾತು ಬೇಕು, ಸಂಕೋಚದ ಪ್ರಶ್ನೆ ಎಲ್ಲಿಂದ ಬಂತು? ಅರ್ಧ ಒಪ್ಪುತ್ತೇನೆ. ಬೆದೆಗೆ ಬಂದದ್ದು, ಕಟ್ಟಿಸಿದ್ದು, ಗಬ್ಬ ನಿಂತದ್ದು ಎಂದು ಹಂತಹಂತಕ್ಕೂ ಮಾತಿರುವುದು ಕಸುಬಿನ ಅಗತ್ಯದಿಂದಲೇ. ಆದರೆ ಕಸುಬೊಂದೇ ಕಾರಣವಾಗಿದ್ದರೆ ಪ್ರಾಣಿಯ ಮೇಲೆ ಮರುಕ ಹುಟ್ಟಿದಾಗ ಪದ ಬದಲಾಗಬಾರದಿತ್ತು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಸಿಡಿಮದ್ದಿನಿಂದ ಬಾಯಿ ಛಿದ್ರವಾದ ಆನೆಯೊಂದು ನದಿಯಲ್ಲಿ ನಿಂತು ಸತ್ತಿತಲ್ಲ, ಕನ್ನಡದ ಪತ್ರಿಕೆಗಳಿಗೆ ಅದು ‘ಗರ್ಭಿಣಿ ಆನೆ’. ಗಬ್ಬದ ಆನೆ ಎಂದು ಬರೆಯಲು ಯಾರಿಗೂ ಕೈ ಬಾರದು. ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲೂ ಹೀಗೆಯೇ. ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ಹೊತ್ತು ಗದ್ದೆಗೆ ಹೋಗಿ, ಹೊಡೆ ತುಂಬಿದ ಪೈರಿಗೆ ಬಡಿಸುತ್ತಾರೆ. ಅಲ್ಲಿ ಭೂಮಿ ಬಯಕೆಯ ಬಸುರಿ. ನಾವು ಗೌರವಿಸುವ ಯಾವುದೂ ಗಬ್ಬವಾಗುವುದಿಲ್ಲ.

ಈಗ ಬಸಿರಿನ ಸರದಿ ಬಂದಂತಿದೆ. ತುಂಬು ಬಸುರಿ ಎಂಬಲ್ಲಿ ಇನ್ನೂ ಮಮತೆ ಇದೆ, ಆದರೆ ‘ಬಸಿರಾದಳು’ ಎಂದೊಡನೆ ಮದುವೆಯಾಗದವಳ ಗಾಸಿಪ್ಪಿನ ವಾಸನೆ ಬಡಿಯುತ್ತದೆ. ಅಂಗನವಾಡಿಯ ಫಲಕದಲ್ಲಿ ಗರ್ಭಿಣಿ ಮತ್ತು ಬಾಣಂತಿಯರು ಜೋಡಿಯಾಗಿ ನಿಂತಿದ್ದಾರೆ, ಬಸುರಿಗೆ ಅಲ್ಲಿ ಜಾಗವಿಲ್ಲ. ಗರ್ಭಿಣಿಯಾದರೂ ನೆಮ್ಮದಿಯಾಗಿದ್ದಾಳೆಯೇ ಎಂದರೆ, ಪಶುವೈದ್ಯ ಇಲಾಖೆಯ ಕಾಗದಪತ್ರಗಳು ಹಸುವಿಗೂ ‘ಕೃತಕ ಗರ್ಭಧಾರಣೆ’ ಎಂದೇ ಬರೆಯುತ್ತವೆ. ರೈತ ಮಾತ್ರ "ಎರಡು ಸಲ ಇಂಜೆಕ್ಷನ್ ಹಾಕಿಸಿದೆ, ಗಬ್ಬ ನಿಲ್ಲಲಿಲ್ಲ" ಎನ್ನುತ್ತಾನೆ. ಹಾಗೆನ್ನುವವನ ಮನೆಯಲ್ಲೇ ಸೊಸೆ ಈಗ ಬಸುರಿಯೂ ಅಲ್ಲ, ಗರ್ಭಿಣಿಯೂ ಅಲ್ಲ, ‘ಕ್ಯಾರಿಯಿಂಗ್’.