ಸಾಂತರ ಮನೆತನ

ಸಾಂತರರು ಈಗಿನ ಹೊಸನಗರ ತಾಲ್ಲೂಕಿನ ಹುಂಚದಿಂದ ಆಳಿದ ಜೈನ ಅರಸು ಮನೆತನದವರು. ರಿಪ್ಪನ್‌ಪೇಟೆಗೆ ಸಮೀಪದ ಈ ಊರನ್ನು ಶಾಸನಗಳು ಪೊಂಬುಚ್ಚಪುರ ಎನ್ನುತ್ತವೆ. ಅವರು ಆಳಿದ ನಾಡು ಸಾಂತಳಿಗೆ ಸಾಸಿರ. ರಾಷ್ಟ್ರಕೂಟರಿಗೂ ಆಮೇಲೆ ಕಲ್ಯಾಣದ ಚಾಲುಕ್ಯರಿಗೂ ಇವರು ಮಾಂಡಲಿಕರಾಗಿದ್ದರು.

ಮೂಲಪುರುಷ ಜಿನದತ್ತರಾಯ ಉತ್ತರದ ಮಧುರೆಯಿಂದ ಪದ್ಮಾವತಿಯ ವಿಗ್ರಹದೊಡನೆ ಬಂದು ಇಲ್ಲಿ ನೆಲೆಸಿದನೆಂಬುದು ಐತಿಹ್ಯ. ಈ ಕಥೆಗೆ ಆಧಾರ 11ನೇ ಶತಮಾನದ ವಂಶಾವಳಿಗಳು. ಅದಕ್ಕಿಂತ ಗಟ್ಟಿಯಾದ ನೆಲೆ 897ರ ಶಾಸನದ್ದು: ತೋಲಾಪುರುಷ ವಿಕ್ರಮಾದಿತ್ಯ ಸಾಂತರ ಮೌನಿ ಸಿದ್ಧಾಂತ ಭಟ್ಟಾರಕರಿಗಾಗಿ ಕಲ್ಲಿನ ಬಸದಿ ಕಟ್ಟಿಸಿದ. ವಿಕ್ರಮನೆಂಬ ಹೆಸರು ಮುಂದಿನ ತಲೆಮಾರುಗಳಲ್ಲೂ ಮರಳಿ ಬರುವುದರಿಂದ ಒಬ್ಬನ ಕೆಲಸ ಇನ್ನೊಬ್ಬನ ಲೆಕ್ಕಕ್ಕೆ ಸೇರುವ ಅಪಾಯವಿದೆ.

ವೀರ ಸಾಂತರನ ಕಾಲದಲ್ಲಿ, 1062ರಲ್ಲಿ, ಪಟ್ಟಣಸ್ವಾಮಿ ನೊಕ್ಕಯ್ಯ ಹುಂಚದಲ್ಲಿ ಬಸದಿಯೊಂದನ್ನು ಕಟ್ಟಿಸಿದ. ಆದರೆ ಮನೆತನದ ಚರಿತ್ರೆಯಲ್ಲಿ ಎದ್ದು ಕಾಣುವ ವ್ಯಕ್ತಿ ಅರಸನಲ್ಲ, ಚಟ್ಟಲದೇವಿ. ಹುಟ್ಟಿನಿಂದ ಗಂಗ ಕುಲದವಳು, ಪಲ್ಲವ ಕಾಡುವೆಟ್ಟಿಯ ಮಡದಿ. ವೀರ ಸಾಂತರನನ್ನು ಮದುವೆಯಾಗಿದ್ದ ಸೋದರಿ ಬೀರಲದೇವಿ ತೀರಿಕೊಂಡ ಮೇಲೆ ಅವಳ ನಾಲ್ವರು ಗಂಡುಮಕ್ಕಳಾದ ತೈಲ, ಗೊಗ್ಗಿಗ, ಒಡ್ಡಿಗ, ಬರ್ಮರನ್ನು ಸಾಕಿ ಬೆಳೆಸಿದಳು. ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ ಮತ್ತು ಅಗಲಿದ ಒಡಹುಟ್ಟಿದವರ ನೆನಪಿಗೆ ಈ ಮಕ್ಕಳೊಡನೆ ಸೇರಿ 1077ರಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಉರ್ವೀತಿಲಕವೆಂದು ಹೆಸರಾದದ್ದು ಇದೇ. ರಕ್ತಸಂಬಂಧವನ್ನಷ್ಟೇ ಹಿಡಿದು ಬರೆದ ವಂಶಾವಳಿಯಲ್ಲಿ ಅವಳಿಗೆ ಸ್ಥಾನವಿಲ್ಲ. ಅವಳನ್ನು ಬಿಟ್ಟರೆ ಮನೆತನದ ಕಥೆಯೇ ಕುಂಟುತ್ತದೆ. 1147ರಲ್ಲಿ ಮನೆತನದ ಪಂಪಾದೇವಿ ಅದೇ ಬಸದಿಗೆ ಉತ್ತರ ಪಟ್ಟಶಾಲೆಯನ್ನು ಸೇರಿಸಿದಳು.

12ನೇ ಶತಮಾನದ ಆರಂಭದಲ್ಲಿ ದೋರಸಮುದ್ರದ ಮೇಲೆ ದಂಡೆತ್ತಿ ಹೋದ ಜಗದ್ದೇವನನ್ನು ಹೊಯ್ಸಳ ಒಂದನೆಯ ಬಲ್ಲಾಳನೂ ಅವನ ತಮ್ಮ ವಿಷ್ಣುವರ್ಧನನೂ ಹಿಮ್ಮೆಟ್ಟಿಸಿದರು. ಹಳೆಯ ಗ್ರಂಥಗಳು ಈ ಜಗದ್ದೇವನನ್ನು ಸಾಂತರನೆಂದೇ ಗುರುತಿಸಿದವು. ಪರಮಾರ ಉದಯಾದಿತ್ಯನ ಮಗ ಜಗದ್ದೇವನ ಜೈನಾಡ್ ಶಾಸನವೂ ದೋರಸಮುದ್ರದ ಮೇಲಿನ ದಾಳಿಯನ್ನು ಹೇಳುತ್ತದೆ. ಹಾಗಾಗಿ ಪರಮಾರ ರಾಜಕುಮಾರನ ಪಕ್ಷವೇ ಬಲವಾಗಿ ಕಾಣುತ್ತದೆ.

ಮುಂದೆ ಮನೆತನದ ಕೇಂದ್ರ ಘಟ್ಟದ ಕಡೆಗೆ, ಕಳಸಕ್ಕೆ, ಅಲ್ಲಿಂದ ಕಾರ್ಕಳಕ್ಕೆ ಸರಿಯಿತು. ಜಿನದತ್ತನ ವಂಶದವರೆಂದು ಹೇಳಿಕೊಂಡ ಅಲ್ಲಿನ ಭೈರರಸರು ಜೈನರಾಗಿದ್ದೂ ಕಳಸೇಶ್ವರನಿಗೆ ದತ್ತಿ ಬಿಟ್ಟರು. ಅವರಲ್ಲಿ ವೀರಪಾಂಡ್ಯ 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು ನಿಲ್ಲಿಸಿದ. ಇಮ್ಮಡಿ ಭೈರವ 1586ರಲ್ಲಿ ಅದರ ಎದುರಿನ ಗುಡ್ಡದಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ.